ಗ್ರೈಂಡರ್ ದಾಟಿ ಬಂದ ಸ್ವರ

ನಮ್ಮ ಕಟ್ಟಡದಲ್ಲಿ ಯಾರು ಏನೇ ಹೇಳಲಿ, ಉತ್ತರ ಕೊಡುವ ಮೊದಲು ಕೆಳಗಿನ ಮನೆಯ ಮಾಮ ಅದನ್ನು ಒಮ್ಮೆ ತಿರುಗಿ ಹೇಳುತ್ತಿದ್ದರು. ನಾಳೆ ಬೆಳಿಗ್ಗೆ ನೀರು ಬರುವುದಿಲ್ಲವಂತೆ ಎಂದರೆ, "ನೀರಿಲ್ಲ, ನಾಳೆ, ಬೆಳಿಗ್ಗೆ. ಸರಿ." ಎರಡನೇ ಮಾಳಿಗೆಯವರ ಮಗಳಿಗೆ ಗಂಡು ನಿಶ್ಚಯವಾಯಿತು ಎಂದರೆ, "ಗಂಡು, ಕಲ್ಯಾಣದವ, ಬ್ಯಾಂಕಿನಲ್ಲಿ. ಸರಿ." ನನ್ನ ಅತ್ತೆ ತೀರಿಕೊಂಡ ಸುದ್ದಿ ಬಂದ ದಿನ ಮೆಟ್ಟಿಲಲ್ಲಿ ಸಿಕ್ಕಿದಾಗಲೂ, "ಅತ್ತೆ, ನಿನ್ನೆ ಸಂಜೆ, ಊರಿನಲ್ಲಿ" ಎಂದರು. ಆದರೆ ಆ ದಿನ 'ಸರಿ' ಎನ್ನಲಿಲ್ಲ. ನನ್ನ ತಲೆಯ ಮೇಲೆ ಕೈಯಿಟ್ಟರು, ಆಮೇಲೆ ಒಳಗೆ ಹೋಗಿ ಫ್ಲಾಸ್ಕಿನ ತುಂಬ ಕಾಫಿ ಕಳಿಸಿದರು.

ಮೂವತ್ತೈದು ವರ್ಷ ಹೋಟೆಲಿನಲ್ಲಿ ವೇಟರ್ ಆಗಿದ್ದ ಮನುಷ್ಯ. ಗಿರಾಕಿಯ ಆರ್ಡರನ್ನು ಅವನ ಮುಂದೆಯೇ ತಿರುಗಿ ಹೇಳದೆ ಅಡಿಗೆಮನೆಯ ಕಡೆ ಒಂದು ಹೆಜ್ಜೆ ಇಡಬಾರದು ಎಂಬ ಪಾಠ ಅವರ ಮೈಗೆ ಹತ್ತಿಬಿಟ್ಟಿತ್ತು. ನಿವೃತ್ತಿಯಾದ ಮೇಲೂ ಆ ಅಭ್ಯಾಸ ಹೋಗಲಿಲ್ಲ.

ಹೋದ ತಿಂಗಳು ಅವರ ಹೆಂಡತಿ ಮಾಮಿ ಘಣಸೋಲಿಯಿಂದ ಫೋನ್ ಮಾಡಿ, ಬೆಳಗಿನ ಚಾ ಕುಡಿದು ಕೂತಲ್ಲೇ ಹೋಗಿಬಿಟ್ಟರು ಎಂದರು. ಮುಂಬಯಿ ಹೊರವಲಯದ ಠಾಕುರ್ಲಿಯ ನಮ್ಮ ಹಳೆಯ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋದ ಮೇಲೆ ಗಂಡಹೆಂಡತಿ ಇಬ್ಬರೂ ಮಗಳ ಮನೆ ಸೇರಿದ್ದರು. ತಿಂಗಳಿಗೊಮ್ಮೆ ಹೋಗಿ ನೋಡಿ ಬರುತ್ತಿದ್ದೆ. ಈ ಸಲ ಹೋದದ್ದು ಹಾರ ಹಿಡಿದುಕೊಂಡು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ಅವರಿಗೇ ಸಂಕೋಚ. ಕಟ್ಟಡದ ಚಿಕ್ಕವರು ದೊಡ್ಡವರು ಎಲ್ಲರಿಗೂ ಅವರು ಮಾಮ, ನನಗೂ ಅಷ್ಟೇ.

ಸಣಕಲು ಮೈ, ತೋಳಿನ ಇಸ್ತ್ರಿ ಮುರಿಯದ ಬಿಳಿ ಅಂಗಿ. ಯಾರ ಮನೆಗೆ ಹೋದರೂ ಕೂರುವ ಮೊದಲು ಕೈ ತನ್ನಷ್ಟಕ್ಕೇ ಟೇಬಲ್ ಒರೆಸುತ್ತಿತ್ತು. ಅದನ್ನು ಕಂಡು ನಮ್ಮನೆಯವರು ಒಮ್ಮೆ, "ಮಾಮ ಬರೂ ದಿನ ನೀ ಟೇಬಲ್ ಒರಸೂದೇ ಬ್ಯಾಡ ಬಿಡು" ಎಂದು ನನ್ನನ್ನು ಕಾಡಿದ್ದರು. ಸೊಸೈಟಿಯ ಗಣಪತಿ ಊಟಕ್ಕೆ ಬಡಿಸಲು ನಿಂತರೆ 'ಬೇಕಾ, ಸಾಕಾ' ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ತಟ್ಟೆ ನೋಡುತ್ತಿದ್ದರು, ಮುಖ ನೋಡುತ್ತಿದ್ದರು, ಬಡಿಸುತ್ತಿದ್ದರು. ಸಭೆ ಸಮಾರಂಭಗಳಲ್ಲಿ ಊರಿನವರು ಯಾರಾದರೂ "ಇವರು ಹೋಟೆಲ್ ಲೈನಿನವರು" ಎಂದು ಪರಿಚಯಿಸಿದರೆ, ಅಲ್ಲೇ ತಿದ್ದುತ್ತಿದ್ದರು: "ಲೈನ್ ಅಂದ್ರೆ ಎಂತ? ನಾನು ವೇಟರ್." ಮಾಮಿಗೆ ಅದೊಂದು ತಲೆಬಿಸಿ. ನಾಲ್ಕು ಜನರ ಮುಂದೆ ಹೋಟೆಲ್ ಲೈನ್ ಎಂದರೆ ಮಾಲೀಕರೋ ಮ್ಯಾನೇಜರೋ ಎಂದುಕೊಳ್ಳುತ್ತಾರೆ, ಅಂದುಕೊಳ್ಳಲಿ ಬಿಡಿ ಎಂದು ಅವರ ವಾದ. ಇವರು ಬಿಡಬೇಕಲ್ಲ!

ಅವರ ಹೋಟೆಲು ಮುಂಬಯಿಯ ಫೋರ್ಟ್ ಭಾಗದ್ದು, ಈಗ ಇಲ್ಲ. ಆಫೀಸಿನವರು, ವಕೀಲರು, ಹಡಗಿನ ಕಂಪನಿಗಳಿಗೆ ಬಂದ ಪರದೇಶದವರು, ಎಲ್ಲ ಅಲ್ಲೇ ತಿಂಡಿಗೆ ಬರುತ್ತಿದ್ದರಂತೆ. ಜಾಗ ಇಕ್ಕಟ್ಟು. ಗಿರಾಕಿಗಳು ಕೂರುವ ಹಾಲಿಗೂ ಒಳಗಿನ ಒಲೆಗೂ ನಡುವೆ ಒಂದು ದೊಡ್ಡ ಗ್ರೈಂಡರ್ ಇಟ್ಟುಬಿಟ್ಟಿದ್ದರು. ಬೆಳಗಿನಿಂದ ಸಂಜೆಯವರೆಗೂ ಅದು ತಿರುಗುತ್ತಲೇ ಇರುತ್ತಿತ್ತು. ವೇಟರುಗಳು ಈಚೆಯಿಂದ ಆರ್ಡರ್ ಕೂಗಬೇಕು, ಆಚೆ ಭಟ್ಟರು ಕೇಳಿಸಿಕೊಳ್ಳಬೇಕು.

"ಕಕಾರ ಗಕಾರ ಎಲ್ಲ ಗ್ರೈಂಡರ್ ತಿಂದು ಹಾಕ್ತದೆ ಮಾರಾಯ್ತಿ" ಎಂದು ಅವರು ನನಗೆ ವಿವರಿಸಿದ್ದರು. "ಒಳಗೆ ಮುಟ್ಟುದು ಸ್ವರ ಮಾತ್ರ. ಭಟ್ರಿಗೆ ನಮ್ಮ ಮುಖ ಕಾಣುದಿಲ್ಲ, ಬಾಯಿ ಕಾಣುದಿಲ್ಲ. ಗಿಡ್ಡ ಸ್ವರ ಗಿಡ್ಡ ಬಿಡ್ಬೇಕು, ಉದ್ದದ್ದು ಉದ್ದ ಬಿಡ್ಬೇಕು. ಇಲ್ಲದಿದ್ರೆ ಇಡ್ಲಿ ಕೇಳಿದವನಿಗೆ ಸೀರಾ ಹೋಗ್ತದೆ."

ಅವರು ಇಂಗ್ಲಿಷ್ ಕಲಿತದ್ದೂ ಹೀಗೆಯೇ. ಊರಿನಲ್ಲಿ ಏಳನೇ ಕ್ಲಾಸು, ಅಷ್ಟೇ. ಮೆನು ಕಾರ್ಡು ಬಿಟ್ಟರೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಮಾತಾಡಿದರೆ 'ಯು ಸಿಟ್, ಐ ಬ್ರಿಂಗ್' ಅಷ್ಟರಲ್ಲೇ ಸಂಸಾರ. ಆದರೆ ಒಂದೊಂದು ಶಬ್ದದ ಒಳಗಿನ ಸ್ವರವಿದೆಯಲ್ಲ, ಅದು ಅಳೆದು ಸುರಿದ ಹಾಗೆ. ಗಿರಾಕಿ ಹೇಗೆ ಹೇಳುತ್ತಾನೋ ಹಾಗೇ ತಿರುಗಿ ಹೇಳಬೇಕು, ನಮ್ಮ ಹಾಗೆ ಹೇಳಿದರೆ ತನ್ನದೇ ಆರ್ಡರ್ ಎಂದು ಅವನಿಗೆ ಗೊತ್ತಾಗುವುದಿಲ್ಲ ಎಂಬುದು ಅವರ ಲೆಕ್ಕ. ಮೂವತ್ತೈದು ವರ್ಷ, ದಿನಕ್ಕೆ ನೂರಾರು ಸಲ ಇನ್ನೊಬ್ಬರ ಬಾಯಿಯ ಶಬ್ದವನ್ನು ಅವರಿಗೇ ಒಪ್ಪಿಸಿದ್ದರು. ಯಾವ ಕಾಲೇಜಿನಲ್ಲಿ ಇಷ್ಟು ಅಭ್ಯಾಸ ಮಾಡಿಸುತ್ತಾರೆ ಹೇಳಿ.

ಇನ್ನು ನನ್ನ ಕಥೆ. ಅದನ್ನು ಹೇಳದೆ ಅವರ ಚಿತ್ರ ಪೂರ್ತಿಯಾಗುವುದಿಲ್ಲ.

ನಾನು ವಿಜಯಪುರದ ಕಡೆಯವರ ಮಗಳು, ಹುಟ್ಟಿದ್ದು ಮುಂಬಯಿಯಲ್ಲಿ, ಓದಿದ್ದು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ. ಕೋಪರಖೈರಣೆಯ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಹನ್ನೊಂದು ವರ್ಷದಿಂದ ನರ್ಸರಿ ಟೀಚರ್ ಆಗಿದ್ದೆ. ಠಾಕುರ್ಲಿಯಿಂದ ಠಾಣೆ, ಠಾಣೆಯಲ್ಲಿ ಗಾಡಿ ಬದಲಿಸಿ ಕೋಪರಖೈರಣೆ. ಮೂರು ವರ್ಷದ ಮಕ್ಕಳು ಅಳುತ್ತ ಬರುತ್ತಿದ್ದರು, ನಗುತ್ತ ಹೋಗುತ್ತಿದ್ದರು. ನನ್ನ ಕೆಲಸ ನನಗೆ ಬರುತ್ತದೆ ಎಂಬ ಸೊಕ್ಕು ನನಗಿತ್ತು, ಸುಳ್ಳೇಕೆ ಹೇಳಲಿ.

ಆಗ ಹೊಸ ಪ್ರಿನ್ಸಿಪಾಲ್ ಬಂದರು. ಇನ್ನು ಎಬಿಸಿಡಿ ಬಾಯಿಪಾಠ ಬೇಡ, ಅಕ್ಷರದ ಧ್ವನಿಯಿಂದ ಕಲಿಸಬೇಕು, ಶಾರ್ಟ್ ಸ್ವರ, ಲಾಂಗ್ ಸ್ವರ ಎಂದೆಲ್ಲ ಹೇಳಿದರು. ಕಲಿಸಲು ಒಬ್ಬ ಟ್ರೈನರ್ ಮೇಡಂ ಬಂದರು. ಎಲ್ಲ ಟೀಚರುಗಳ ಮುಂದೆ ನನ್ನಿಂದ ನಾಯಿ, ಬೆಕ್ಕು, ಪೆಟ್ಟಿಗೆ, ಟೋಪಿಗಳ ಇಂಗ್ಲಿಷ್ ಹೇಳಿಸಿದರು. ನಾನು ಡಾಗ್, ಕ್ಯಾಟ್, ಬಾಕ್ಸ್, ಕ್ಯಾಪ್ ಎಂದೆ. ಅವರು ನಕ್ಕು, ಟೀಚರ್, ನಿಮ್ಮ ಶಾರ್ಟ್‌ಗಳೆಲ್ಲ ಲಾಂಗ್ ಆಗಿವೆಯಲ್ಲ ಎಂದು ಹಿಂದಿಯಲ್ಲಿ ಹೇಳಿದರು. ನಿಜವೇ. ನಾವು ಕನ್ನಡದಲ್ಲಿ ಬರೆದುಕೊಂಡು ಕಲಿತವರು, ಬರೆಯುವಾಗ ದೀರ್ಘ ಹಾಕಿದ್ದೇವೆ, ಬಾಯಲ್ಲೂ ದೀರ್ಘವೇ ಕೂತಿದೆ. ಈಗಲೂ ಆ ಗಿಡ್ಡ ಸ್ವರವನ್ನು ಇಲ್ಲಿ ಬರೆದು ತೋರಿಸಲು ನನಗೆ ಬರುವುದಿಲ್ಲ, ಬರೆದ ಕೂಡಲೇ ಉದ್ದವಾಗುತ್ತದೆ.

ಆರು ವಾರ ಬಿಟ್ಟು ಪ್ರತಿಯೊಬ್ಬರೂ ಪ್ರಿನ್ಸಿಪಾಲರ ಮುಂದೆ ಒಂದು ಪಾಠ ಮಾಡಿ ತೋರಿಸಬೇಕು, ಆಗದವರನ್ನು ಸಪೋರ್ಟ್ ಸ್ಟಾಫಿಗೆ ಹಾಕುತ್ತೇವೆ ಎಂದು ನೋಟಿಸು ಬಂತು. ಸಪೋರ್ಟ್ ಎಂದರೆ ಮಕ್ಕಳ ಕೈ ತೊಳೆಸುವುದು, ಬ್ಯಾಗು ಹಿಡಿಯುವುದು. ಆ ಕೆಲಸ ಕೀಳು ಎನ್ನುವುದಿಲ್ಲ. ಆದರೆ ಹನ್ನೊಂದು ವರ್ಷ ನಾನು ನಡೆಸಿದ ಕ್ಲಾಸನ್ನು ಇನ್ನೊಬ್ಬರು ನಡೆಸುವುದು, ನಾನು ಬಾಗಿಲ ಹೊರಗೆ ಟವೆಲ್ ಹಿಡಿದು ನಿಲ್ಲುವುದು, ಅದು ನನ್ನಿಂದ ಆಗುತ್ತಿರಲಿಲ್ಲ. ರೈಲಿನ ಲೇಡೀಸ್ ಡಬ್ಬಿಯಲ್ಲಿ ನಿಂತು ಡಾಗ್, ಕ್ಯಾಟ್, ಹ್ಯಾಟ್ ಎಂದು ಗೊಣಗುತ್ತಿದ್ದೆ. ಪಕ್ಕದವರು ಒಂದು ಸಲ ನೋಡಿ ಸೀಟು ಬಿಟ್ಟುಕೊಟ್ಟರು. ಅದೊಂದೇ ಲಾಭ.

ಒಂದು ಸಂಜೆ ಗ್ಯಾಲರಿಯಲ್ಲಿ ಬಟ್ಟೆ ತೆಗೆಯುತ್ತ ಇದೇ ಮಂತ್ರ ಹೇಳುತ್ತಿದ್ದೆ. ಕೆಳಗಿನಿಂದ ಮಾಮನ ದನಿ ಬಂತು.

"ಆ ನಾಯಿಯನ್ನು ಎಂತಕ್ಕೆ ಅಷ್ಟು ಉದ್ದ ಮಾಡ್ತಿ?"

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಕೆಳಗೆ ಹೋಗಿ ಎಲ್ಲ ಹೇಳಿಕೊಂಡೆ. ಅವರು ತಿರುಗಿ ಹೇಳಿದರು: "ಆರು ವಾರ, ಗಿಡ್ಡ ಸ್ವರ, ಇಲ್ಲದಿದ್ರೆ ಕ್ಲಾಸು ಹೋಗ್ತದೆ. ಸರಿ. ನಾಳೆಯಿಂದ ಸಂಜೆ ಐದು ಗಂಟೆಗೆ ಬಾ."

ಪಾಠ ಹೇಗಿತ್ತೆಂದರೆ, ಪುಸ್ತಕ ಇಲ್ಲ, ಪೆನ್ನು ಇಲ್ಲ. ನಾನು ಅವರ ಹಾಲಿನಲ್ಲಿ ನಿಲ್ಲಬೇಕು. ಅವರು ಅಡಿಗೆಮನೆಯೊಳಗೆ, ನನಗೆ ಬೆನ್ನು ಹಾಕಿ. ನಡುವೆ ಮಿಕ್ಸರ್ ಶುರು. ನಾನು ಇಂಗ್ಲಿಷಿನಲ್ಲಿ ಒಂದು ಸಾಮಾನಿನ ಹೆಸರು ಕೂಗಬೇಕು. ಸರಿಯಾಗಿ ಕೇಳಿದರೆ ಅವರು ಅದನ್ನು ಹಿಡಿದುಕೊಂಡು ಬರುತ್ತಿದ್ದರು. ಬಾಣಲೆಗೆ ಕೂಗಿದರೆ ಬಾಣಲೆ, ಮಡಕೆಗೆ ಕೂಗಿದರೆ ಮಡಕೆ. ಎಳೆದೆನೋ, ಖಾಲಿ ಕೈಯಲ್ಲಿ ಬಂದು ಬಾಗಿಲಲ್ಲಿ ನಿಂತು, ಗಿರಾಕಿಗೆ ಹೇಳುವ ವಿನಯದಲ್ಲಿ, "ಈ ಐಟಮ್ ನಮ್ಮಲ್ಲಿಲ್ಲ ಮೇಡಂ" ಎನ್ನುತ್ತಿದ್ದರು.

ಮೊದಲ ವಾರ ನನಗೆ ಒಂದು ಚಮಚವೂ ಸಿಗಲಿಲ್ಲ. ಮಾಮಿ ತಲೆ ಚಚ್ಚಿಕೊಂಡರು. ಖಾಲಿ ಮಿಕ್ಸರ್ ತಿರುಗಿಸಿದರೆ ಸುಟ್ಟು ಹೋಗುತ್ತದೆ ಎಂದು ದಿನಾ ಒಂದು ಹಿಡಿ ಅಕ್ಕಿ ಹಾಕತೊಡಗಿದರು. ಆ ಆರು ವಾರ ಎರಡೂ ಮನೆಯಲ್ಲಿ ಅಕ್ಕಿಹಿಟ್ಟಿನ ರೊಟ್ಟಿಯೇ ರೊಟ್ಟಿ. ಅಕ್ಕಪಕ್ಕದವರು ಮನೆಯಲ್ಲಿ ಏನು ವಿಶೇಷ, ಮಗಳ ಸೀಮಂತವೋ ಎಂದು ಕೇಳಿದರಂತೆ.

ಎರಡನೇ ವಾರ ಅವರು ನನ್ನ ರೋಗ ಕಂಡುಹಿಡಿದರು. ಹೊಸ ವೇಟರುಗಳೆಲ್ಲ ಎಳೆಯುತ್ತಾರೆ, ಮುಂದಿನ ಶಬ್ದ ಸರಿ ಬರುತ್ತದೋ ಇಲ್ಲವೋ ಎಂಬ ಹೆದರಿಕೆಗೆ ಈಗಿನದನ್ನೇ ಹಿಡಿದುಕೊಂಡು ನಿಲ್ಲುತ್ತಾರೆ ಎಂದರು. "ನಿಂಗೆ ಇಂಗ್ಲಿಷ್ ಬರುದಿಲ್ಲ ಅಂತ ಅಲ್ಲ. ನಿಂಗೆ ಹೆದರಿಕೆ. ಹೇಳಿ ಬಿಟ್ಟುಬಿಡು. ಒಳಗಿದ್ದವ ಹಿಡ್ಕೊಳ್ತಾನೆ." ಮರುದಿನ ಕಣ್ಣು ಮುಚ್ಚಿ ಮಡಕೆಗೆ ಕೂಗಿದೆ, ಬಿಟ್ಟುಬಿಟ್ಟೆ. ಮಿಕ್ಸರ್ ನಿಂತಿತು. ಮಾಮ ಮಡಕೆಯನ್ನು ಎರಡೂ ಕೈಯಲ್ಲಿ ಹಿಡಿದು ಬಂದು ನನ್ನ ಮುಂದಿಟ್ಟರು. ಹನ್ನೆರಡನೇ ಕ್ಲಾಸು ಪಾಸಾದಾಗಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಶಾಲೆಯ ಪುಸ್ತಕದ ಲಾಂಗ್ ಸ್ವರದ ಪಟ್ಟಿಯನ್ನು ಅವರಿಗೆ ಓದಿ ಹೇಳಿದಾಗ ಅವರಿಗೆ ಸಮಾಧಾನವಾಗಲಿಲ್ಲ. ಟೋಪಿಯ ಕ್ಯಾಪ್, ಅದರ ಕೊನೆಗೊಂದು ಇ ಸೇರಿಸಿದರೆ ಕೇಪ್, ಇದು ಶಾರ್ಟು, ಅದು ಲಾಂಗು ಎಂದು ಪುಸ್ತಕ ಹೇಳುತ್ತಿತ್ತು. ಎರಡನ್ನೂ ಬಾಯಲ್ಲಿ ನಾಲ್ಕು ಸಲ ಹೊರಳಿಸಿ, ಇದು ಹಾಫ್ ಪ್ಲೇಟು ಫುಲ್ ಪ್ಲೇಟು ಅಲ್ಲ, ಬೇರೆ ಐಟಮ್ಮೇ, ಪುಸ್ತಕದವರು ಸುಮ್ಮನೆ ಉದ್ದ ಅಂತಾರೆ ಎಂದು ತೀರ್ಪು ಕೊಟ್ಟರು. ಅದನ್ನೇ ಟ್ರೈನರ್ ಮೇಡಂಗೆ ಹೇಳಿದಾಗ ಅವರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿ, ಇದನ್ನು ನಿಮಗೆ ಯಾರು ಹೇಳಿದರು ಎಂದು ಕೇಳಿದರು.

ಅಲ್ಲಿ ನಾನು ಎಡವಿದೆ.

ಸರ್ ಒಬ್ಬರ ಹತ್ತಿರ ಹೋಗುತ್ತಿದ್ದೇನೆ ಎಂದೆ. ಅದು ಸುಳ್ಳಲ್ಲ. ಆ ಡೆಮೊ ಪಾಠಕ್ಕೆ ಮೊದಲು ಒಂದು ಫಾರಂ ತುಂಬಬೇಕಿತ್ತು, ಎಲ್ಲಿ ತರಬೇತಿ ಪಡೆದಿರಿ ಎಂಬ ಜಾಗದಲ್ಲಿ ಪೆನ್ನು ನಿಂತಿತು. ಹೋಟೆಲ್ ಎಂದು ಬರೆದೆ. ಅಷ್ಟು ಬರೆದು ನೋಡಿದರೆ ನನಗೇ ಹೇಗೋ ಆಯಿತು. ಅದರ ಮುಂದೆ ಮ್ಯಾನೇಜ್‌ಮೆಂಟ್ ಎಂದು ಸೇರಿಸಿಬಿಟ್ಟೆ. ನಮ್ಮ ಜನ ಮದುವೆ ಮಾತುಕತೆಯಲ್ಲಿ, ಅಸೋಸಿಯೇಷನ್ನಿನ ವೇದಿಕೆಯಲ್ಲಿ ಲೀಲಾಜಾಲವಾಗಿ ಮಾಡುವ ಕೆಲಸವೇ ಇದು. ಕೈಗೆ ಅಭ್ಯಾಸವಿತ್ತು, ಬರೆದುಬಿಟ್ಟಿತು.

ಡೆಮೊ ಚೆನ್ನಾಗಿ ಆಯಿತು. ಒಂದು ಸ್ಟೀಲ್ ಡಬ್ಬಿಗೆ ಕಡಲೆ ಹಾಕಿ ಒಬ್ಬ ಹುಡುಗಿಯ ಕೈಗೆ ಕೊಟ್ಟು ಗಲಗಲ ಅಲ್ಲಾಡಿಸಲು ಹೇಳಿದೆ. ಆ ಸದ್ದಿನ ಈಚೆಯಿಂದ ಒಂದು ಮಗು ಕೂಗುವುದು, ಆಚೆಯಿಂದ ಇನ್ನೊಂದು ಮಗು ಕೇಳಿದ ಸಾಮಾನು ತರುವುದು. ಮಕ್ಕಳು ಕುಣಿದಾಡಿದರು. ಪ್ರಿನ್ಸಿಪಾಲ್ ನನ್ನನ್ನು ಚೇಂಬರಿಗೆ ಕರೆದು, ನರ್ಸರಿ ನಿಮ್ಮದೇ ಎಂದರು. ನಾನು ಎದ್ದು ಹೊರಡಬೇಕು ಅನ್ನುವಷ್ಟರಲ್ಲಿ, ನಿಮ್ಮ ಪ್ರೊಫೆಸರನ್ನು ಶನಿವಾರ ಕರೆದುಕೊಂಡು ಬನ್ನಿ, ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜಿನವರು ಇಷ್ಟು ಚೆನ್ನಾಗಿ ಧ್ವನಿ ಕಲಿಸುತ್ತಾರೆಂದು ಗೊತ್ತಿರಲಿಲ್ಲ, ಎಲ್ಲ ಟೀಚರುಗಳಿಗೂ ಒಂದು ಕ್ಲಾಸು ಆಗಲಿ ಎಂದರು. ನಿಜ ಹೇಳಿದರೆ ಸುಳ್ಳು ಫಾರಂ ತುಂಬಿದವಳು ಎಂದು ಕ್ಲಾಸು ಹೋಗುತ್ತದೆ. ಹೇಳದಿದ್ದರೆ ಮಾಮನನ್ನು ಪ್ರೊಫೆಸರ್ ಎಂದು ನಿಲ್ಲಿಸಬೇಕು.

ಆ ಸಂಜೆ ಅವರ ಮುಂದೆ ಕೂತು ತಲೆ ತಗ್ಗಿಸಿ ಎಲ್ಲ ಒಪ್ಪಿಸಿದೆ. ಒಂದೇ ದಿನದ ಮಾತು, ಅರ್ಧ ಗಂಟೆ ಸುಮ್ಮನೆ ಸರ್ ಆಗಿ ಬಂದುಬಿಡಿ ಎಂದು ಕೇಳಿಯೂಬಿಟ್ಟೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅವರು ಬೈಯಲಿಲ್ಲ. ಯಾವತ್ತಿನ ಹಾಗೆ ತಿರುಗಿ ಹೇಳಿದರು.

"ಶನಿವಾರ, ಹನ್ನೊಂದು ಗಂಟೆ, ಪ್ರೊಫೆಸರ್ ಒಬ್ಬರು." ಆಮೇಲೆ, "ಆ ಐಟಮ್ ನಮ್ಮಲ್ಲಿಲ್ಲ ಮಗಾ. ವೇಟರ್ ಒಬ್ಬ ಇದ್ದಾನೆ. ಅವರಿಗೆ ಬೇಕಿದ್ರೆ ಬರ್ತಾನೆ. ಆರ್ಡರ್ ತಪ್ಪು ಬರೆದವಳು ನೀನು, ಸರಿ ಮಾಡ್ಬೇಕಾದ್ದೂ ನೀನೇ" ಎಂದರು.

ಮಾಮಿ ಒಳಗಿನಿಂದ, ಪಾಪದ ಹುಡುಗಿ, ಅವಳ ಹೊಟ್ಟೆಪಾಡು, ಒಂದು ದಿನ ಬಾಯಿ ಮುಚ್ಚಿಕೊಂಡು ನಿಂತರೆ ನಿಮ್ಮ ಗಂಟೇನು ಹೋಗುತ್ತದೆ ಎಂದು ತುಳುವಿನಲ್ಲಿ ಜೋರು ಮಾಡಿದರು. ಮಾಮ ಅಲುಗಾಡಲಿಲ್ಲ. ತನ್ನ ಮರ್ಯಾದೆಯ ಪ್ರಶ್ನೆ ಅಲ್ಲ ಇದು, ಇವಳಿಗೆ ಜನ್ಮವಿಡೀ ಆ ಫಾರಮ್ಮಿನದೇ ಹೆದರಿಕೆ ಉಳಿಯುತ್ತದೆ, ಅದೇ ಗಂಟಲು ಹಿಡಿಯುತ್ತದೆ ಎಂದರು. ನಾನು ಮುನಿಸಿಕೊಂಡು ಎದ್ದು ಬಂದೆ. ದೊಡ್ಡ ಸತ್ಯವಂತರು ಎಂದು ಮೆಟ್ಟಿಲು ಹತ್ತುತ್ತ ಬೈದುಕೊಂಡದ್ದೂ ಹೌದು.

ಬುಧವಾರ ಪ್ರಿನ್ಸಿಪಾಲ್ ಮೀಟಿಂಗಿನಲ್ಲಿದ್ದರು. ಗುರುವಾರ ನನಗೆ ತಲೆನೋವು ಬಂತು. ಬರಿಸಿಕೊಂಡೆ ಎನ್ನಿ. ಶುಕ್ರವಾರ ಶಾಲೆ ಬಿಟ್ಟ ಮೇಲೆ ಚೇಂಬರಿನ ಬಾಗಿಲು ತಟ್ಟಿದೆ. ಕೂರಲು ಹೇಳಿದರೂ ಕೂರಲಿಲ್ಲ. ಅವರು ಪ್ರೊಫೆಸರ್ ಅಲ್ಲ, ವೇಟರ್ ಆಗಿದ್ದವರು, ನಾನು ಸುಳ್ಳು ಬರೆದೆ, ನಾನು ಓದಿದ್ದು ಮುನಿಸಿಪಾಲಿಟಿ ಕನ್ನಡ ಶಾಲೆ, ಅದನ್ನೂ ಇಲ್ಲಿ ಯಾರಿಗೂ ಹೇಳಿರಲಿಲ್ಲ ಎಂದೆ. ಅಷ್ಟೂ ಒಂದೇ ಉಸಿರಿನಲ್ಲಿ.

ಅವರು ನನ್ನ ಫಾರಂ ತೆಗೆದು ಮತ್ತೊಮ್ಮೆ ಓದಿದರು. ಆಮೇಲೆ ಮೆಲ್ಲಗೆ, "ವೇಟರ್ ಅಂತ ಬರೆದಿದ್ರೆ ನಾನು ನಿಮ್ಮ ಡೆಮೊವನ್ನು ಅಷ್ಟು ಗಮನ ಕೊಟ್ಟು ನೋಡ್ತಿದ್ದೆನಾ ಅಂತ ಯೋಚನೆ ಮಾಡ್ತಿದ್ದೇನೆ" ಎಂದರು, ಅರ್ಧ ಹಿಂದಿ ಅರ್ಧ ಮರಾಠಿಯಲ್ಲಿ. ನಾಳೆ ಅವರನ್ನು ಕರೆದುಕೊಂಡು ಬನ್ನಿ, ನಿಮ್ಮ ವಿಷಯ ಅದಾದ ಮೇಲೆ ನೋಡೋಣ ಎಂದು ಫಾರಂ ಡ್ರಾಯರಿನಲ್ಲಿ ಹಾಕಿದರು.

ಶನಿವಾರ ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಮಾಮ ನರ್ಸರಿ ಕ್ಲಾಸಿನಲ್ಲಿ ನಿಂತಿದ್ದರು. ಪ್ರಿನ್ಸಿಪಾಲರಿಗೆ ನಿಜ ಹೇಳಿದ್ದನ್ನು ಹಿಂದಿನ ರಾತ್ರಿಯೇ ತಿಳಿಸಿ ಅವರನ್ನು ಕರೆದಿದ್ದೆ. ಇಪ್ಪತ್ತು ಜನ ಟೀಚರುಗಳು ಮಕ್ಕಳ ಕುಳ್ಳ ಕುರ್ಚಿಗಳಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತಿದ್ದರು. ಪರಿಚಯ ಮಾಡಿಕೊಡಿ ಎಂದು ಪ್ರಿನ್ಸಿಪಾಲ್ ನನಗೇ ಹೇಳಿದರು. ಎದ್ದು ನಿಂತೆ. ಇವರು ಮೂವತ್ತೈದು ವರ್ಷ ಉಡುಪಿ ಹೋಟೆಲಿನಲ್ಲಿ ವೇಟರ್ ಆಗಿದ್ದರು, ನನಗೆ ಇಂಗ್ಲಿಷ್ ಸ್ವರ ಕಲಿಸಿದ್ದು ಇವರು ಎಂದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಪ್ರಿನ್ಸಿಪಾಲ್ ಎದ್ದರು. ತಮಗಾಗಿ ಹಾಕಿದ್ದ ದೊಡ್ಡ ಕುರ್ಚಿಯನ್ನು ಮಾಮನ ಕಡೆ ಸರಿಸಿ, ತಾವು ಒಂದು ಕುಳ್ಳ ಕುರ್ಚಿ ಎಳೆದುಕೊಂಡು ಮುಂದಿನ ಸಾಲಿನಲ್ಲಿ ಕೂತರು. ಮಾಮ ದೊಡ್ಡ ಕುರ್ಚಿಗೆ ಕೈಮುಗಿದು, ನನಗೆ ಕೂತು ಕೆಲಸ ಮಾಡಿ ಅಭ್ಯಾಸವಿಲ್ಲ ಎಂದು ನಿಂತೇ ಇದ್ದರು. ಆಮೇಲೆ ಪ್ರಿನ್ಸಿಪಾಲರ ಮುಂದೆಯೇ ಹೋಗಿ ಸ್ವಲ್ಪ ಬಾಗಿ, "ಟೆಲ್, ಮೇಡಂ" ಎಂದರು. ಪ್ರಿನ್ಸಿಪಾಲ್ ನಾಯಿಯ ಇಂಗ್ಲಿಷ್ ಹೇಳಿದರು.

"ಒನ್ಸ್ ಮೋರ್, ಮೇಡಂ. ಲಿಟ್ಲ್ ಟೂ ಲಾಂಗ್."

ಪ್ರಿನ್ಸಿಪಾಲರ ಕಿವಿ ಕೆಂಪಾದವು. ಅವರು ಇನ್ನೊಮ್ಮೆ ಹೇಳಿದರು, ಮತ್ತೊಮ್ಮೆ ಹೇಳಿದರು, ನಾಲ್ಕನೆಯ ಸಲಕ್ಕೆ ಮಾಮ ತಲೆಯಾಡಿಸಿದಾಗ ಅವರೇ ಮೊದಲು ನಕ್ಕುಬಿಟ್ಟರು. ಆಮೇಲೆ ಒಂದೂವರೆ ಗಂಟೆ ಆ ಕೋಣೆಯಲ್ಲಿ ಕಡಲೆ ಡಬ್ಬಿಯ ಸದ್ದು, ಕೂಗಾಟ, ನಗು. ಕಿಸಕ್ಕೆಂದಿದ್ದ ಟೀಚರಿಗೆ ಕೊನೆಯವರೆಗೂ ಬಾಣಲೆ ಸಿಗಲಿಲ್ಲ.

ಎಲ್ಲ ಮುಗಿದ ಮೇಲೆ ಪ್ರಿನ್ಸಿಪಾಲ್ ನನ್ನನ್ನು ಒಳಗೆ ಕರೆದು ಹೊಸ ಫಾರಂ ಕೊಟ್ಟರು. ಹಳೆಯದನ್ನು ನನ್ನ ಮುಂದೆಯೇ ಹರಿದರು. ಇದ್ದದ್ದನ್ನು ಇದ್ದ ಹಾಗೆ ಬರೆದೆ. ಅದರ ಕೆಳಗೆ ಅವರು ನರ್ಸರಿ ಎಂದು ಬರೆದು ಸಹಿ ಹಾಕಿದರು. ಹೊರಗೆ ಬಂದರೆ ಮಾಮ ಕಾರಿಡಾರಿನಲ್ಲಿ ಆಯಾಗಳ ಜೊತೆ ನಿಂತು ಚಾ ಕುಡಿಯುತ್ತಿದ್ದರು. ಟೀಚರುಗಳು ಬ್ಯಾಗು ಹಿಡಿದು ಮನೆಗೆ ಹೊರಟಿದ್ದರು, ಗೇಟಿನಲ್ಲಿ ಯಾರೋ ಪಾಲಕರೂ ಇದ್ದರು. ನಾನು ನೇರವಾಗಿ ಹೋಗಿ ಅವರ ಕಾಲಿಗೆ ಹಣೆ ಮುಟ್ಟಿಸಿದೆ.

ಅವರು ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದರು, ಕಪ್ಪಿನ ಚಾ ಚೆಲ್ಲಿತು.

"ಏಳು ಮಾರಾಯ್ತಿ, ಎಲ್ಲ ನೋಡ್ತಾರೆ" ಎಂದರು.

"ನೋಡ್ಲಿ ಮಾಮ" ಎಂದೆ.